ಆರೈಕೆ ಕೇಂದ್ರವನ್ನು ಸಂಜೆ ಹೋಗಿ ನೋಡಿ

ನನ್ನ ಅಪ್ಪ ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯುತ್ತಿದ್ದ ಅವರ ಬೆರಳುಗಳು ಮರೆವಿನ ಕಾಯಿಲೆ ಬಂದ ಮೇಲೂ ಸುಮ್ಮನಾಗಲಿಲ್ಲ. ಹೊದಿಕೆಯ ಅಂಚು, ಟವೆಲಿನ ಕುಚ್ಚು, ಏನು ಸಿಕ್ಕರೂ ಎಳೆ ಬಿಡಿಸುತ್ತ ಕೂರುತ್ತಿದ್ದರು. ಮೊದಲು ಸೇರಿಸಿದ ಕೇಂದ್ರದಲ್ಲಿ ಇದನ್ನು ತಡೆಯಲೆಂದು ಅವರ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಹನ್ನೊಂದನೆಯ ದಿನ ಮುಂಚಿತವಾಗಿ ತಿಳಿಸದೆ ಹೋದೆ. ಎರಡೂ ಮಣಿಕಟ್ಟುಗಳ ಸುತ್ತ ಕೆಂಪು ಬರೆ ಎದ್ದಿತ್ತು. ಅಂದೇ ಮನೆಗೆ ಕರೆತಂದೆ.

ಆ ಕೇಂದ್ರವನ್ನು ಆರಿಸಿದ್ದು ನಾನೇ. ಬೆಳಗ್ಗೆ ಹನ್ನೊಂದು ಗಂಟೆಗೆ ಹೋಗಿ, ಹೊಳೆಯುವ ನೆಲವನ್ನೂ ಹೂಕುಂಡಗಳನ್ನೂ ನೋಡಿ ಒಪ್ಪಿ ಬಂದಿದ್ದೆ. ಎರಡನೆಯ ಸಲ ಹುಡುಕಿದಾಗ ಹಾಗೆ ಮಾಡಲಿಲ್ಲ. ಆಗ ತಿಳಿದದ್ದನ್ನು, ಈಗ ಹುಡುಕುತ್ತಿರುವ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಯಾವುದೆಂದು ಖಚಿತಪಡಿಸಿಕೊಳ್ಳಿ. ಅರವತ್ತಕ್ಕೆ ಅರಳುಮರುಳು ಎಂದುಕೊಂಡು ನಾವು ಎರಡು ವರ್ಷ ಕಳೆದುಬಿಟ್ಟೆವು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆ ಮೊದಲು ಬಂದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಕೋಲಾರವೂ ಇವೆ. ಹಾಗಾಗಿ ಬೆಂಗಳೂರಿಗೆ ಓಡುವ ಮುನ್ನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ವೃದ್ಧಾಶ್ರಮಗಳ, ಆರೈಕೆ ಕೇಂದ್ರಗಳ ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ. ವೃದ್ಧಾಶ್ರಮವೇ ಬೇರೆ, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರನ್ನು ನೋಡಿಕೊಳ್ಳುವ ಕೇಂದ್ರವೇ ಬೇರೆ. ಕಾಯಿಲೆಯ ವಿಷಯ ಮುಚ್ಚಿಟ್ಟು ವೃದ್ಧಾಶ್ರಮಕ್ಕೆ ಸೇರಿಸಿದರೆ ತಿಂಗಳೊಳಗೆ ಕರೆದುಕೊಂಡು ಹೋಗಿ ಎಂಬ ಫೋನ್ ಬರುತ್ತದೆ.

ಇನ್ನು ನೋಡಲು ಹೋಗುವ ಹೊತ್ತು. ಇದನ್ನೊಂದನ್ನು ದಯವಿಟ್ಟು ನಡೆಸಿಕೊಡಿ: ಸಂಜೆ ಐದೂವರೆಗೆ ಹೋಗಿ, ರಾತ್ರಿಯ ಊಟ ಮುಗಿಯುವವರೆಗೆ ಅಲ್ಲೇ ಕುಳಿತಿರಿ. ಹೊತ್ತು ಇಳಿಯುತ್ತಿದ್ದಂತೆ ಈ ಕಾಯಿಲೆಯವರಲ್ಲಿ ಅನೇಕರಿಗೆ ಚಡಪಡಿಕೆ ಹೆಚ್ಚುತ್ತದೆ. ನಮ್ಮ ಅಪ್ಪ ದೀಪ ಹಚ್ಚುವ ಹೊತ್ತಿಗೆ 'ಗೂಡು ಬಂದಿದೆ, ಮಾರುಕಟ್ಟೆಗೆ ಹೋಗಬೇಕು' ಎಂದು ಬಾಗಿಲು ಬಡಿಯುತ್ತಿದ್ದರು. ಕೆಲಸದವರ ಪಾಳಿ ಬದಲಾಗುವುದೂ ಹೆಚ್ಚಾಗಿ ಆಗಲೇ. ಒಂದು ಕೇಂದ್ರದ ನಿಜವಾದ ಮುಖ ಕಾಣುವುದು ಆ ಎರಡು ಗಂಟೆಗಳಲ್ಲಿ.

ಈಗ ಅಪ್ಪ ಇರುವ ಕಡೆ ನಾನು ಕಂಡದ್ದು ಇದು. ಒಬ್ಬ ಅಜ್ಜಿ ಹಾಲು ಕರೆಯಬೇಕು, ಮನೆಗೆ ಕಳಿಸಿ ಎಂದು ಅಳುತ್ತ ಗೇಟಿನ ಬಳಿ ನಿಂತಿದ್ದರು. ಆಯಾ 'ನಿಮ್ಮ ಹಸು ಈಗ ಎಲ್ಲಿದೆ, ಮಾರಿ ಎಷ್ಟು ವರ್ಷವಾಯಿತು' ಎನ್ನಲಿಲ್ಲ. ಪಕ್ಕದಲ್ಲಿ ನಿಂತು 'ಹಸು ಯಾವ ಬಣ್ಣದ್ದು ಅಜ್ಜಿ?' ಎಂದು ಕೇಳಿದಳು. ಕಪಿಲೆ ಎಂದರು. ಎಷ್ಟು ಸೇರು ಹಾಲು, ಕರು ಗಂಡೋ ಹೆಣ್ಣೋ ಎಂದು ಮಾತಾಡುತ್ತಲೇ ಇಬ್ಬರೂ ಊಟದ ಕೋಣೆಗೆ ನಡೆದರು. ನನ್ನ ಅರ್ಧ ತೀರ್ಮಾನ ಅಲ್ಲಿಯೇ ಆಯಿತು. ಮಿಕ್ಕ ಅರ್ಧ ಆದದ್ದು ಅಪ್ಪನ ಬೆರಳುಗಳ ವಿಷಯ ಹೇಳಿದಾಗ. ಮೇಲ್ವಿಚಾರಕಿ ಒಳಗಿನಿಂದ ಹತ್ತಿ ನೂಲಿನ ಒಂದು ಲಡಿ ತಂದು, ಇದು ಸಾಕಾಗುತ್ತದೆಯೇ ನೋಡಿ ಎಂದರು.

ರಾತ್ರಿಯ ಬಗ್ಗೆ ಬಿಡಿಸಿ ಕೇಳಿ. ರಾತ್ರಿ ಎಷ್ಟು ಜನ ಕೆಲಸದವರು ಇರುತ್ತಾರೆ ಎಂದು ಕೇಳಿದರೆ ಸಾಲದು, ಎಚ್ಚರವಾಗಿರುವವರು ಎಷ್ಟು ಎಂದು ಕೇಳಬೇಕು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅದನ್ನು ಬರೆದಿಡುವ ಪುಸ್ತಕ ತೋರಿಸಲು ಹೇಳಿ. 'ಗಲಾಟೆ ಮಾಡಿದರೆ ಏನು ಮಾಡುತ್ತೀರಿ?' ಎಂದೂ ಕೇಳಿ. ಥಟ್ಟನೆ 'ಮಾತ್ರೆ ಕೊಡುತ್ತೇವೆ' ಎಂಬ ಉತ್ತರ ಬಂದರೆ ಎದ್ದು ಬನ್ನಿ. ಅಂಥ ಕೆಲವು ಮಾತ್ರೆಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತವೆ. ಒಂದೇ ದಿನದಲ್ಲಿ ಗೊಂದಲ ವಿಪರೀತವಾದರೆ ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹೇಳಲಾಗದ ನೋವು ಕಾರಣವಿರಬಹುದು. ಒಳ್ಳೆಯ ಕಡೆ ಮೊದಲು ಅದನ್ನು ಹುಡುಕುತ್ತಾರೆ.

ಭಾಷೆಯನ್ನು ಚಿಕ್ಕ ವಿಷಯವೆಂದು ತಿಳಿಯಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಂತೆ ನಮ್ಮದರಲ್ಲೂ ಕನ್ನಡ, ತೆಲುಗು ಎರಡೂ ಇವೆ. ಕಾಯಿಲೆ ಬೆಳೆದಂತೆ ಅಪ್ಪನ ಬಾಯಲ್ಲಿ ಅವರ ತಾಯಿಯ ತೆಲುಗು ಮಾತ್ರ ಉಳಿಯಿತು. 'ನೀಳ್ಳು' ಎಂದು ನೀರು ಕೇಳಿದರೆ ಮೊದಲ ಕೇಂದ್ರದ ಹುಡುಗನಿಗೆ ಅರ್ಥವಾಗುತ್ತಿರಲಿಲ್ಲ. ದೂರದ ರಾಜ್ಯದಿಂದ ಬಂದ ಆ ಮಗುವಿನ ತಪ್ಪೇನೂ ಇಲ್ಲ. ಆದರೆ ಅಪ್ಪನ ತುಟಿ ಒಡೆದಿತ್ತು. ನಿಮ್ಮವರ ಮಾತು ಬಲ್ಲವರು ಹಗಲಿನಲ್ಲೂ ರಾತ್ರಿಯಲ್ಲೂ ಒಬ್ಬರಾದರೂ ಇರಬೇಕು.

ಊಟವೂ ಹಾಗೆಯೇ. ಮುದ್ದೆ ಕೊಡುತ್ತೀರಾ ಎಂದು ಕೇಳಿದೆ. ಕೊಡುತ್ತೇವೆ, ಆದರೆ ನುಂಗುವುದನ್ನು ಗಮನಿಸುತ್ತಿರುತ್ತೇವೆ ಎಂದರು. ಮುದ್ದೆಯನ್ನು ಅಗಿಯದೆ ನುಂಗುವವರು ನಾವು. ಈ ಕಾಯಿಲೆಯಲ್ಲಿ ನುಂಗುವ ಹಿಡಿತವೇ ತಪ್ಪುತ್ತ ಹೋಗಿ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಈಗ ಅಪ್ಪನಿಗೆ ಮುದ್ದೆಯನ್ನು ಬಸ್ಸಾರಿನಲ್ಲಿ ನುಣ್ಣಗೆ ಕಲಸಿ, ನೇರವಾಗಿ ಕೂರಿಸಿ ತಿನ್ನಿಸುತ್ತಾರೆ.

ಹಣದ ವಿಷಯ ಬರಹದಲ್ಲಿರಲಿ. ಮುಂಗಡದಲ್ಲಿ ಎಷ್ಟು ವಾಪಸು ಬರುತ್ತದೆ, ಡೈಪರ್ ಮತ್ತು ಔಷಧಿಯ ಖರ್ಚು ಬೇರೆಯೇ, ಆಸ್ಪತ್ರೆಗೆ ಸೇರಿಸಬೇಕಾದರೆ ಜೊತೆಗೆ ಯಾರು ಇರುತ್ತಾರೆ, ಇಷ್ಟು ಸಹಿ ಮಾಡುವ ಮೊದಲೇ ತಿಳಿದಿರಬೇಕು. ನೋಂದಣಿ ಪತ್ರವನ್ನೂ ನೋಡಿ.

ಕೆಲವು ಕೇಂದ್ರಗಳಲ್ಲಿ ಮೊದಲ ಕೆಲವು ವಾರ ಬರಬೇಡಿ, ಹೊಂದಿಕೊಳ್ಳಲಿ ಎನ್ನುತ್ತಾರೆ. ನಾನು ಇನ್ನು ಅದಕ್ಕೆ ಒಪ್ಪುವುದಿಲ್ಲ. ಆ ಬರೆಗಳನ್ನು ಕಂಡವಳಿಗೆ ಹೇಳದೆ ಹೋಗುವ ಹಕ್ಕು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಬಸ್ಸಿನಲ್ಲಿ ಹೋಗಿ ಬರಲಾಗುವಷ್ಟು ಹತ್ತಿರದ ಕೇಂದ್ರವನ್ನೇ ಹಿಡಿದದ್ದೂ ಅದಕ್ಕಾಗಿಯೇ. ಸೇರಿಸುವ ದಿನ ಎರಡು ಪುಟ ಬರೆದುಕೊಟ್ಟೆ: ಯಾವ ಹೆಸರಿನಿಂದ ಕರೆದರೆ ತಿರುಗುತ್ತಾರೆ, ಸ್ನಾನಕ್ಕೆ ನೀರು ಎಷ್ಟು ಬಿಸಿ ಇರಬೇಕು, ಕತ್ತಲೆಯೆಂದರೆ ಭಯ, ಎಡಗಿವಿ ಕೇಳಿಸದು, ಗೂಡಿನ ಮಾತೆತ್ತಿದರೆ ಮುಖ ಅರಳುತ್ತದೆ. ಆ ಹಾಳೆಗಳನ್ನು ಅವರ ಮಂಚದ ಬಳಿ ಅಂಟಿಸಿದ್ದಾರೆ.

ಹೊರಡುವಾಗ ಒಂದು ಜಾಗ್ರತೆ. ಮುಸ್ಸಂಜೆಯಲ್ಲಿ ಬಾಗಿಲಲ್ಲಿ ನಿಂತು ಬೀಳ್ಕೊಂಡರೆ ಅಪ್ಪ ಹಿಂದೆಯೇ ಬರುತ್ತಾರೆ. ಅದಕ್ಕೆ ಭಾನುವಾರ ಮಧ್ಯಾಹ್ನ ಅವರು ಲಡಿ ಹಿಡಿದು ಕುಳಿತಾಗ, ತಲೆಯ ಎಣ್ಣೆ ಒರೆಸಿ, 'ಗೂಡು ತೂಗಿಸಿಕೊಂಡು ಬರುತ್ತೇನೆ' ಎಂದು ಅವರದೇ ತೆಲುಗಿನಲ್ಲಿ ಹೇಳಿ ಏಳುತ್ತೇನೆ. ಎಳೆಯಿಂದ ಕಣ್ಣು ತೆಗೆಯದೆ, ಹೋಗಿ ಬಾ ಎಂದು ಕೈ ಆಡಿಸುತ್ತಾರೆ.