ಹಿಕ್ಕೆಯಿಂದ ಹುಲಿಯ ವಂಶ ಓದುವ ಬಗೆ

ಹುಲಿಯನ್ನು ಹಿಡಿಯದೆ, ಮತ್ತಿನ ಮದ್ದು ಕೊಡದೆ ಅದರ ಡಿಎನ್‌ಎ ಪಡೆಯಲು ಹಿಕ್ಕೆಯಂಥ ದಾರಿ ಇನ್ನೊಂದಿಲ್ಲ. ಪುಣೆಯ ಪಾಷಾಣ್ ಬಡಾವಣೆಯ ಪ್ರಯೋಗಾಲಯದಲ್ಲಿ ನನ್ನದು ಇದೇ ಕೆಲಸ. ಹುಲಿ ಅಳಿದುಹೋದ ಕಾಡಿಗೆ ಬೇರೆಡೆಯಿಂದ ತಂದು ಬಿಟ್ಟ ಮೇಲೆ, ಈಗ ಅಲ್ಲಿ ಓಡಾಡುವ ಮರಿಗಳು ಯಾರ ಸಂತಾನ ಎಂದು ಪತ್ತೆ ಮಾಡಬೇಕು.

ಹಿಕ್ಕೆಯ ಒಳಗೆ ತುಂಬಿರುವುದು ಬೇಟೆಯ ಕೂದಲು, ಮೂಳೆಚೂರು. ಹುಲಿಯ ಕರುಳಿನ ಜೀವಕೋಶಗಳು ಅಂಟಿಕೊಂಡಿರುವುದು ಹೊರಮೈಯ ಒಣಗಿದ ಲೋಳೆಯಲ್ಲಿ. ಧಾರವಾಡದಿಂದ ಹೊಸದಾಗಿ ಬಂದ ಹುಡುಗಿ ಅದನ್ನು ಒಡೆಯಲು ಹೊರಟಾಗ, ‘ಬೇಡಮ್ಮ, ಒಳಗೆ ಸಿಗುವುದು ಜಿಂಕೆಯೇ. ಮೇಲಿನ ಹೊಳಪನ್ನಷ್ಟೇ ಕೆರೆ’ ಎಂದೆ. ಬ್ಲೇಡಿನ ತುದಿಯ ಪುಡಿ ತೋರಿಸಿ, ‘ಇಷ್ಟು ಸಾಕೇ ಅಕ್ಕ?’ ಎಂದಳು. ಧಾರಾಳವಾಗಿ ಸಾಕು. ಮಳೆಗೆ ತೊಳೆದುಹೋದ ಹಿಕ್ಕೆಯಲ್ಲಿ ಈ ಲೋಳೆಯೇ ಉಳಿದಿರುವುದಿಲ್ಲ.

ಪ್ರತಿ ಸರದಿಯಲ್ಲೂ ಹಿಕ್ಕೆ ಹಾಕದ ಒಂದು ನಳಿಕೆ ಇಡುತ್ತೇನೆ. ಅದರಲ್ಲಿ ಡಿಎನ್‌ಎ ಕಂಡರೆ ಹೊರಗಿನದು ಬೆರೆತಿದೆ ಎಂದರ್ಥ, ಇಡೀ ಸರದಿ ರದ್ದು. ಹುಲಿಯೋ ಚಿರತೆಯೋ ಎಂಬುದು ಬೇಗ ಇತ್ಯರ್ಥವಾಗುತ್ತದೆ. ಹೆಣಗಾಟ ಶುರುವಾಗುವುದು ಆಮೇಲೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಡಿಎನ್‌ಎಯಲ್ಲಿ ನಾವು ಓದುವ ಪ್ರತಿ ಗುರುತಿಗೂ ಎರಡು ಪ್ರತಿಗಳಿರುತ್ತವೆ. ಡಿಎನ್‌ಎ ಶಿಥಿಲವಾಗಿದ್ದರೆ ಪಿಸಿಆರ್‌ನಲ್ಲಿ (ಡಿಎನ್‌ಎಯ ತುಣುಕನ್ನು ಹಲವು ಪಟ್ಟು ನಕಲು ಮಾಡುವ ವಿಧಾನ) ಒಂದು ಮಾತ್ರ ಕಾಣಿಸಿ, ಆರೋಗ್ಯವಾದ ಹುಲಿಯೂ ರಕ್ತಸಂಬಂಧಿಗಳಿಗೆ ಹುಟ್ಟಿದಂತೆ ತೋರುತ್ತದೆ. ಹಾಗಾಗಿ ಅದೇ ಮಾದರಿಯನ್ನು ಮತ್ತೆ ಮತ್ತೆ ಓಡಿಸುತ್ತೇನೆ. ಖರ್ಚು ಹೆಚ್ಚು ಎಂದು ಆಕ್ಷೇಪ ಬಂದರೂ ಇದನ್ನು ಬಿಡುವುದಿಲ್ಲ.

ಹುಲಿಗಳ ಸಂಖ್ಯೆ ಏರಿತೆಂದು ಹಿಗ್ಗುವವರಿಗೆ ನಾನು ಮೊದಲು ತಂದು ಬಿಟ್ಟ ಮೂಲ ಹುಲಿಗಳ ಪಟ್ಟಿ ಕೇಳುತ್ತೇನೆ. ರಾಜಸ್ಥಾನದ ಸರಿಸ್ಕಾಕ್ಕೆ 2008ರಿಂದ ಬಿಟ್ಟ ಆರಂಭದ ಹುಲಿಗಳೆಲ್ಲ ರಣಥಂಬೋರಿನವು. ಮಧ್ಯಪ್ರದೇಶದ ಪನ್ನಾಕ್ಕೆ 2009ರಲ್ಲಿ ಬಾಂಧವಗಢ, ಕಾನ್ಹಾಗಳಿಂದ ಹೆಣ್ಣು ಬಂದವು, ಪೆಂಚ್‌ನಿಂದ ಗಂಡು ಬಂತು, ಬುನಾದಿಯೇ ಅಗಲ. ಆದರೂ ಒಂದೇ ಗಂಡು ಬಹುಪಾಲು ಮರಿಗಳಿಗೆ ತಂದೆಯಾದರೆ ಆ ಅಗಲ ಕೆಲವೇ ತಲೆಮಾರಿನಲ್ಲಿ ಕುಗ್ಗುತ್ತದೆ. ಮೊದಲ ತಲೆಮಾರಿನ ಮರಿಗಳು ಬೇರೆ ಬೇರೆ ಕಾಡಿನ ತಂದೆತಾಯಿಯವಾದ್ದರಿಂದ ಸರಾಸರಿ ವೈವಿಧ್ಯ ಚೆನ್ನಾಗಿಯೇ ಕಾಣುತ್ತದೆ. ನಾನು ನೋಡುವುದು ಯಾವ ಮೂಲ ಹುಲಿಯ ಗುರುತು ಪೂರ್ತಿ ಕಾಣೆಯಾಗಿದೆ ಎಂಬುದನ್ನು.

ಕಾಣೆಯಾದದ್ದನ್ನು ತುಂಬಿಕೊಡಲು ಸಾಧ್ಯವಿದೆ. ಅಮೆರಿಕದ ಫ್ಲಾರಿಡಾದ ಪ್ಯಾಂಥರ್‌ಗಳು (ಚಿರತೆಯಲ್ಲ, ಪ್ಯೂಮಾಗಳು) ಮೂವತ್ತರೊಳಗೆ ಇಳಿದು, ರಕ್ತಸಂಬಂಧಿಗಳಲ್ಲೇ ಕೂಡಿ, ಬಾಲ ಸೊಟ್ಟಗಾಗಿ, ಗಂಡುಗಳ ವೃಷಣ ಇಳಿಯದಂತಾಗಿತ್ತು. 1995ರಲ್ಲಿ ಟೆಕ್ಸಾಸಿನಿಂದ 8 ಹೆಣ್ಣುಗಳನ್ನು ತಂದು ಬಿಟ್ಟರು. ಅವುಗಳಲ್ಲಿ 5 ಹೆಣ್ಣುಗಳು ಮರಿ ಹಾಕಿದವು, ಸಂತತಿ ಚೇತರಿಸಿಕೊಂಡಿತು. ನಮ್ಮಲ್ಲಿಯೂ ಮುಂದಿನ ಹುಲಿಯನ್ನು ಸಾಗಿಸುವ ಮುನ್ನ, ಯಾವ ಕಾಡು ಹತ್ತಿರ ಎಂಬುದಕ್ಕಿಂತ ಯಾರ ವಂಶ ಅಲ್ಲಿಲ್ಲ ಎಂಬುದನ್ನು ನೋಡಿ ಆರಿಸಬೇಕು ಎಂದು ಪ್ರತಿ ವರದಿಯಲ್ಲೂ ಬರೆಯುತ್ತೇನೆ.