ಸಿಟ್ಟಿನ ಮೇಲ್‌ಗೆ ನಾನು ಉತ್ತರ ಬರೆಯುವುದು ಹೀಗೆ

ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಬರುವ ಮೇಲ್‌ಗಳಿಗೆ ಉತ್ತರ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಬೇಸಿಗೆ ಬಂತು ಅಂದ್ರೆ ಟ್ಯಾಂಕರ್ ನೀರಿನ ಜಗಳ, ಮಳೆ ಶುರುವಾದರೆ ಬೇಸ್‌ಮೆಂಟ್ ಜಗಳ, ಮೇಂಟೆನೆನ್ಸ್ ಬಾಕಿಯದ್ದು ವರ್ಷವಿಡೀ ಇದ್ದೇ ಇದೆ. ಲಿಫ್ಟ್‌ನಲ್ಲಿ ಸಿಕ್ಕರೆ "ಕಾಫಿ ಆಯ್ತಾ ಸಾರ್" ಅನ್ನುವವರೇ ಮೇಲ್‌ನಲ್ಲಿ ಉರಿದು ಬೀಳುತ್ತಾರೆ!

ರಿಪ್ಲೈ ಒತ್ತಿದ ಕೂಡಲೇ ನಾನು ಮೊದಲು ಅಳಿಸುವುದು ಅವರ ವಿಳಾಸವನ್ನು. ಬರೆದು ಮುಗಿಸಿ, ಇನ್ನೊಮ್ಮೆ ಓದಿದ ಮೇಲೆ ಮತ್ತೆ ಹಾಕುತ್ತೇನೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಜಾಸ್ತಿ ಅಂದ್ರೆ 30 ಸೆಕೆಂಡ್ ಸಿಗುತ್ತದೆ, ಅಷ್ಟರಲ್ಲಿ ಸಿಟ್ಟು ಇಳಿಯುತ್ತಾ? 1995ರಲ್ಲೇ ಬಂದ ಆರ್‌ಎಫ್‌ಸಿ 1855 ಎಂಬ ಇಂಟರ್ನೆಟ್ ಶಿಷ್ಟಾಚಾರದ ಕೈಪಿಡಿ, ಮನಸ್ಸು ಕೆಟ್ಟಾಗ ಬರೆದ ಉತ್ತರವನ್ನು ಒಂದು ರಾತ್ರಿ ಕಾದು ಕಳಿಸಿ ಅನ್ನುತ್ತದೆ. ನೀರಿನ ವಿಷಯಕ್ಕೆ ರಾತ್ರಿಯಿಡೀ ಕಾಯೋಕಾಗಲ್ಲ ಬಿಡಿ. ಒಂದು ಲೋಟ ಕಾಫಿಯಷ್ಟು ಹೊತ್ತು ಕಾಯುತ್ತೇನೆ.

ಇಂಗ್ಲಿಷ್‌ನಲ್ಲಿ ಬರೆಯುವವರು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಕೂಗಾಡುತ್ತಾರೆ. ಕನ್ನಡದಲ್ಲಿ ಆ ಅನುಕೂಲ ಇಲ್ಲ, ಅದಕ್ಕೇ ಕೆಂಪು ಬಣ್ಣ, ಸಾಲುಗಟ್ಟಿದ ಪ್ರಶ್ನೆ ಚಿಹ್ನೆ. "ಸಂಘದವರು ನಿದ್ದೆ ಮಾಡ್ತಿದೀರಾ????" ಅಂತ ಒಬ್ಬರು ಬರೆದಿದ್ದರು. ನಾನು ಬರೆದದ್ದು ಇಷ್ಟು: "ನಮಸ್ಕಾರ ಸಾರ್. ಮನೆಯಲ್ಲಿ ಅಮ್ಮ ಇರುವಾಗ ಬೆಳಗ್ಗೆ ನೀರಿಲ್ಲ ಅಂದ್ರೆ ಕಷ್ಟವೇ. ಟ್ಯಾಂಕರ್ ಸಂಜೆ 4ಕ್ಕೆ ಬರುತ್ತದೆ, ಅಲ್ಲಿಯವರೆಗೆ ಎರಡು ಕ್ಯಾನ್ ಕಳಿಸುತ್ತಿದ್ದೇನೆ. ಒಂದು ಮಾತು, ರಾತ್ರಿ ಹನ್ನೊಂದರವರೆಗೂ ಟ್ಯಾಂಕರ್‌ನವರಿಗೆ ಫೋನ್ ಮಾಡ್ತಾ ಕೂತಿದ್ದೆ, ನಿದ್ದೆ ಅಂದದ್ದು ಬೇಜಾರಾಯಿತು."

ನೀರಿನ ಮಾತು ಮೊದಲು, ನನ್ನ ಬೇಜಾರು ಕೊನೆಗೆ, ಒಂದೇ ಸಾಲಿನಲ್ಲಿ. ಬೇಜಾರನ್ನು ಹೇಳದೆ "ಈಗಾಗಲೇ ತಮಗೆ ತಿಳಿಸಿರುವಂತೆ" ಅಂತ ಮರ್ಯಾದೆಯ ಭಾಷೆಯಲ್ಲಿ ಚುಚ್ಚುವುದಿದೆಯಲ್ಲ, ನನ್ನ ಪ್ರಕಾರ ಅದು ನೇರ ಬೈಗುಳಕ್ಕಿಂತ ಕೆಟ್ಟದ್ದು. ಓದಿದವರಿಗೆ ಚುಚ್ಚಿದ್ದು ಗೊತ್ತಾಗುತ್ತದೆ, ವಾಪಸ್ ಏನು ಹೇಳಬೇಕೋ ಗೊತ್ತಾಗಲ್ಲ.

ನಗುಮುಖದ ಚಿಹ್ನೆ ನಾನು ಹಾಕುವುದು ಕಡಿಮೆ. 1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಅದನ್ನು ಸೂಚಿಸಿದ್ದು ತಮಾಷೆ ಯಾವುದು ಅಂತ ಗುರುತು ಹಿಡಿಯಲು, ಬಾಕಿ ಕೇಳುವಾಗ ಮುಜುಗರ ಮುಚ್ಚಿಕೊಳ್ಳಲು ಅಲ್ಲ. ಔಟ್‌ಲುಕ್‌ನಲ್ಲಿ ಹಾಕಿದ ನಗು ಕೆಲವರ ಕಡೆ ಬರೀ ಇಂಗ್ಲಿಷಿನ 'ಜೆ' ಅಕ್ಷರವಾಗಿ ಕಾಣಿಸಿದ್ದೂ ಉಂಟು!

ಬಾಕಿ ಕೇಳುವ ಮೇಲನ್ನು ಆ ಮನೆಯವರೊಬ್ಬರಿಗೇ ಕಳಿಸುತ್ತೇನೆ, ಸಿಸಿ ಯಾರಿಗೂ ಇಲ್ಲ. ಭಾನುವಾರ ನಿಂತು ಸಂಪ್ ತೊಳೆಸಿದವರಿಗೆ ಥ್ಯಾಂಕ್ಸ್ ಹೇಳುವಾಗ ಮಾತ್ರ ಎಲ್ಲ ಫ್ಲ್ಯಾಟ್‌ಗಳಿಗೂ ಹೋಗುತ್ತದೆ, ಹೆಸರು ಸಮೇತ.