ಬಾಗಿಲಲ್ಲ, ಒಲೆ ಎಣಿಸಿ

ಸಾಗರ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಓದಲು ಬರುವ ಹುಡುಗಿಯರು ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ, "ಮೇಡಂ, ಇಲ್ಲಿ ಬಾಡಿಗೆ ಎಷ್ಟಿದೆ?" ಅಂದಾಜಿನಲ್ಲಿ ಹೇಳಿ ಹೇಳಿ ಬೇಜಾರಾಗಿತ್ತು. ನೋಟ್‌ಬುಕ್ ಹಿಡಿದು ಗೋಪಾಳದ ಒಂದು ಬೀದಿಗೆ ಹೊರಟೆ. ನೀವೂ ಒಂದು ಬೀದಿಯ ಬಾಡಿಗೆ ಲೆಕ್ಕ ಹಾಕುವುದಾದರೆ ನಾನು ಕಲಿತದ್ದು ಇಷ್ಟು.

ಮೊದಲ ದಿನ ಬಾಗಿಲು ಎಣಿಸಿ 18 ಮನೆ ಎಂದು ಬರೆದುಕೊಂಡೆ. ಕೊನೆಯ ಮನೆಯ ಅಜ್ಜಿ ಕೇಳಿದರು, "ಏನೇ ಹುಡುಗಿ, ಹಿಂದ್ಗಡೆ ಇರೋರನ್ನ ಬರ್ಕೊಂಡ್ಯಾ?" ಬರೆದುಕೊಂಡಿರಲಿಲ್ಲ. ಮಹಡಿ, ಔಟ್‌ಹೌಸ್ ಎಲ್ಲ ಸೇರಿಸಿದರೆ 27 ಅಡುಗೆಮನೆ! ಜನಗಣತಿಯಲ್ಲೂ ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರನ್ನೇ ಒಂದು ಕುಟುಂಬ ಎನ್ನುವುದು. ಹಾಗಾಗಿ "ಇಲ್ಲಿ ಎಷ್ಟು ಒಲೆ ಉರಿಯುತ್ತೆ?" ಎಂದೇ ಕೇಳಿ. ಕರೆಂಟ್ ಮೀಟರ್ ನಂಬಿ ಎಣಿಸಬೇಡಿ. ಒಂದೇ ಮೀಟರ್‌ನಲ್ಲಿ ಎರಡು ಸಂಸಾರ ಇರುವುದು ಜಾಸ್ತಿ.

ಬಾಡಿಗೆ ಕೇಳುವಾಗ ಇನ್ನೂ ಹುಷಾರಾಗಿರಬೇಕು. "ಬಾಡಿಗೆ ಎಷ್ಟು?" ಅನ್ನಬೇಡಿ, "ಹೋದ ತಿಂಗಳು ಎಷ್ಟು ಕೊಟ್ರಿ?" ಅನ್ನಿ. ನೀರಿನ ದುಡ್ಡು ಅದರಲ್ಲೇ ಸೇರಿದೆಯಾ, ಅಡ್ವಾನ್ಸ್ ಎಷ್ಟು, ಯಾವ ವರ್ಷ ಬಂದಿರಿ, ಇವಿಷ್ಟೂ ಬೇಕು. ಎಂಟು ವರ್ಷದಿಂದ ಇರುವವರ ಬಾಡಿಗೆಗೂ ಈ ವರ್ಷ ಬಂದವರ ಬಾಡಿಗೆಗೂ ಹೋಲಿಕೆಯೇ ಇರುವುದಿಲ್ಲ. ಭೋಗ್ಯದ ಮನೆಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಅಲ್ಲಿ ತಿಂಗಳ ಬಾಡಿಗೆ ಇಲ್ಲ ಎಂದು ಸೊನ್ನೆ ಹಾಕಿದರೆ ಇಡೀ ಬೀದಿಯ ಲೆಕ್ಕ ಕೆಡುತ್ತದೆ. ಟು-ಲೆಟ್ ಬೋರ್ಡಿನವರು ಹೇಳುವುದು ಕೇಳುವ ಬೆಲೆ, ಕೊಡುವ ಬೆಲೆ ಅಲ್ಲ.

ಪರೀಕ್ಷಿಸುವುದು ಹೀಗೆ. ಮಾಲೀಕರನ್ನೂ ಬಾಡಿಗೆದಾರರನ್ನೂ ಬೇರೆ ಬೇರೆ ದಿನ ಕೇಳಿ. ಎದುರೆದುರು ಕೇಳಿದರೆ ಇಬ್ಬರೂ ನಿಜ ಹೇಳುವುದು ಕಷ್ಟ. ಎರಡು ಲೆಕ್ಕ ತಾಳೆಯಾಗದಿದ್ದರೆ ನಡುವಿನ ಸಂಖ್ಯೆ ಹಾಕಿ ಸುಮ್ನೆ ಮುಗಿಸಬೇಡಿ, ಎರಡನ್ನೂ ಬರೆದಿಟ್ಟು ಮತ್ತೊಮ್ಮೆ ಹೋಗಿ. ಬೀಗ ಹಾಕಿದ ಮನೆಗೆ ಮೂರು ಸಲ, ಒಂದು ಸಲವಾದರೂ ಭಾನುವಾರ ಬೆಳಗ್ಗೆ ಹೋಗಿ ನೋಡದೆ ಖಾಲಿ ಅನ್ನಬೇಡಿ.

ಕಾಗದಪತ್ರಗಳಿಗೂ ಮಿತಿ ಇದೆ. ಊರಾಚೆಯ ಪಂಚಾಯ್ತಿ ಸೈಟುಗಳ ಅಳತೆಗೆ ಇ-ಸ್ವತ್ತಿನ (ಗ್ರಾಮ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವ ಮಾರ್ಗಸೂಚಿ ಬೆಲೆ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು, ಅದನ್ನೇ ಮಾರುಕಟ್ಟೆ ಬೆಲೆ ಎಂದು ಬರೆಯಬೇಡಿ. 11 ತಿಂಗಳ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರ) ಅದನ್ನು ಹುಡುಕಿ ಪ್ರಯೋಜನವಿಲ್ಲ.

ಅಳತೆಗೆ ಟೇಪ್ ಒಯ್ಯಿರಿ. ಪೇಟೆಯಲ್ಲಿ ಚದರ ಅಂದರೆ 100 ಚದರಡಿ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯವರು ಅಂಕಣದಲ್ಲಿ, ಅಂದರೆ ಕಂಬಗಳ ನಡುವಿನ ಜಾಗದ ಲೆಕ್ಕದಲ್ಲಿ, ಹೇಳುತ್ತಾರೆ, ಒಂದು ಮನೆಯ ಅಂಕಣ ಇನ್ನೊಂದರಷ್ಟೇ ಇರಬೇಕೆಂದಿಲ್ಲ.

ಹೆಸರು ಬರೆದುಕೊಳ್ಳಬೇಡಿ, ಮನೆಗೆ ನೀವೇ ಒಂದು ಸಂಖ್ಯೆ ಕೊಡಿ. ನಂಬಿ ಬಾಗಿಲು ತೆರೆದವರಿಗೆ ನಮ್ಮಿಂದ ತೊಂದರೆ ಆಗಬಾರದು, ಅಲ್ವಾ?

"ಮನೆ ಸೋರುತ್ತಾ?" ಎಂದು ಏಪ್ರಿಲ್‌ನಲ್ಲಿ ಕೇಳಿದಾಗ ಐದು ಮನೆಯವರು ಇಲ್ಲ ಎಂದಿದ್ದರು. ಜುಲೈನಲ್ಲಿ ಕೊಡೆ ಹಿಡಿದು ಮತ್ತೆ ಹೋದೆ. ಮೂರು ಮನೆಗಳ ನಡುಮನೆಯಲ್ಲಿ ಬಕೆಟ್ ಇಟ್ಟಿದ್ದರು.